ಕೊಡಬೇಕಾದ ಗುರುತು, ಕೊಟ್ಟು ಮರೆಯಬಾರದ ಗುರುತು

ಈಚೆಗೆ ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತಿದ್ದಾಗ ಫೋನು ಬಂತು. ತಿಕೋಟಾ ಕಡೆಯ ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಸಂತೋಷದ ಸುದ್ದಿ ಹೇಳಿ ಮುಗಿಸುವ ಮೊದಲೇ ದನಿ ಸ್ವಲ್ಪ ಇಳಿಸಿ ಕೇಳಿದ: "ಸರ್ರ, ಅವ್ರು ಪ್ಯಾನ್, ಆಧಾರ್, ಪಾಸ್‌ಬುಕ್ ಎಲ್ಲಾ ಕಳಸ್ರಿ ಅನ್ನಾಕತ್ತಾರ. ಕಳಸಬೇಕೋ ಬ್ಯಾಡ್ರಿ?"

ನಾನು ಉತ್ತರ ಹೇಳುವಷ್ಟರಲ್ಲಿ ಅವನ ತಂದೆ ಫೋನು ಇಸಿದುಕೊಂಡರು. ದ್ರಾಕ್ಷಿ ತೋಟದ ರೈತರು. "ಮಾಸ್ತರ್ರ, ಪಗಾರ ಕೊಡೂದಕ್ಕಿಂತ ಮೊದಲ ಇಷ್ಟೆಲ್ಲಾ ಯಾಕ ಬೇಕ್ರಿ ಅವರಿಗೆ? ಆ ನಂಬರ್ ಕೊಟ್ರ ಬ್ಯಾಂಕಿನಾಗಿನ ರೊಕ್ಕ ಹೊಕ್ಕಾವ ಅಂತಾರಲ್ರಿ?"

ಮಗ ಕೇಳಿದ್ದು ಒಂದು ಪ್ರಶ್ನೆ, ತಂದೆ ಕೇಳಿದ್ದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕೊಡದಿದ್ದರೆ ನಷ್ಟ, ಕೊಟ್ಟರೆ ಭಯ. ಈ ನಡುವೆ ನಮ್ಮ ಹಳ್ಳಿಗಳಿಂದ ಮೊದಲ ಬಾರಿಗೆ ಪಗಾರದ ಕೆಲಸಕ್ಕೆ ಹೋಗುವ ಮಕ್ಕಳು ಮನೆ ಮನೆಗೂ ಇದ್ದಾರೆ. ಆ ಮನೆಗಳಲ್ಲಿ ಈ ಮಾತು ಎದ್ದೇ ಏಳುತ್ತದೆ. ಅಂದು ಫೋನಿನಲ್ಲಿ ಅರ್ಧ ತಾಸು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆದಿದ್ದೇನೆ. ನಾನು ತೆರಿಗೆ ತಜ್ಞನಲ್ಲ, ವಿಜ್ಞಾನ ಕಲಿಸುವ ಮಾಸ್ತರ. ಆದರೆ ಈ ಹತ್ತು ಅಕ್ಷರಗಳ ಗುರುತಿನಿಂದ ಒಮ್ಮೆ ಪಾಠ ಕಲಿತವನು. ಆ ಕಥೆ ಮುಂದೆ ಬರುತ್ತದೆ.

ಹತ್ತು ಅಕ್ಷರಗಳಲ್ಲಿ ಏನಿದೆ?

ಪ್ಯಾನ್ ಎಂದರೆ ಆದಾಯ ತೆರಿಗೆ ಇಲಾಖೆ ಕೊಡುವ ಕಾಯಂ ಖಾತೆ ಸಂಖ್ಯೆ. ಹೆಸರು ಸಂಖ್ಯೆ ಎಂದಿದ್ದರೂ ಅದರಲ್ಲಿರುವುದು ಆರು ಇಂಗ್ಲಿಷ್ ಅಕ್ಷರ ಮತ್ತು ನಾಲ್ಕು ಅಂಕಿ. ಮೊದಲು ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ನಿಮ್ಮ ಕಾರ್ಡು ಹತ್ತಿರ ಇದ್ದರೆ ಒಮ್ಮೆ ತೆಗೆದು ನೋಡಿ.

ಮೊದಲ ಮೂರು ಅಕ್ಷರ ಬರೀ ಸಾಲಿನ ಗುರುತು. ನಾಲ್ಕನೆಯದು ಖಾತೆದಾರ ಯಾರೆಂದು ಹೇಳುತ್ತದೆ. ವ್ಯಕ್ತಿಯಾದರೆ ಪಿ, ಕಂಪನಿಯಾದರೆ ಸಿ, ಪಾಲುದಾರಿಕೆ ಸಂಸ್ಥೆಯಾದರೆ ಎಫ್, ಟ್ರಸ್ಟ್ ಆದರೆ ಟಿ, ಹಿಂದೂ ಅವಿಭಕ್ತ ಕುಟುಂಬವಾದರೆ ಎಚ್. ಐದನೆಯ ಅಕ್ಷರ, ವ್ಯಕ್ತಿಯಾಗಿದ್ದರೆ, ಅವನ ಅಡ್ಡಹೆಸರಿನ ಮೊದಲ ಅಕ್ಷರ. ಬಿರಾದಾರರಿಗೂ ಬಡಿಗೇರರಿಗೂ ಬಿ, ಪಾಟೀಲರಿಗೂ ಪೂಜಾರಿಯವರಿಗೂ ಪಿ. ಹತ್ತನೆಯ ಅಕ್ಷರ ಮಾತ್ರ ಸ್ವಾರಸ್ಯದ್ದು. ಅದು ಹಿಂದಿನ ಒಂಬತ್ತನ್ನು ತಾಳೆ ನೋಡುವ ಅಕ್ಷರ. ಬರೆಯುವವರು ಎಲ್ಲೋ ತಪ್ಪಿದರೆ ಲೆಕ್ಕ ಕೂಡುವುದಿಲ್ಲ, ಯಂತ್ರ ಬೇಡವೆನ್ನುತ್ತದೆ.

ಆಧಾರ್ ಸಂಖ್ಯೆಯ 12 ಅಂಕಿಗಳಲ್ಲೂ ಕೊನೆಯದು ಇಂಥದೇ ಕಾವಲುಗಾರ. ಅದರ ಲೆಕ್ಕ ನೆದರ್ಲೆಂಡ್ಸ್‌ನ ಗಣಿತಜ್ಞ ವರ್ಹೂಫ್ 1969ರಲ್ಲಿ ಪ್ರಕಟಿಸಿದ್ದು. ಒಂದು ಅಂಕಿ ತಪ್ಪಾದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿದುಹಾಕುತ್ತದೆ. ಹತ್ತನೆಯ ಇಯತ್ತೆಯ ಮಕ್ಕಳಿಗೆ ನಾನು ಇದನ್ನು ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: "ಸರ್, ನಂಬರ್ ಬರೋಬರಿ ಐತಿ, ಆದ್ರ ಬ್ಯಾರೇದವ್ರದು ಐತಿ ಅಂದ್ರ?" ಆ ಪ್ರಶ್ನೆ ಕೇಳಿ ನಾನು ಅರೆಗಳಿಗೆ ಸುಮ್ಮನಾದೆ. ಯಾಕೆಂದರೆ ನನಗೆ ಆದದ್ದೇ ಅದು.

ಮಾಲೀಕ ಯಾಕೆ ಕೇಳುತ್ತಾನೆ?

ಅದಕ್ಕೆ ಮೊದಲು ತಂದೆಯವರ ಪ್ರಶ್ನೆಗೆ ಬರೋಣ. ಪಗಾರ ಕೊಡುವವರಿಗೆ ಇದೆಲ್ಲ ಯಾಕೆ ಬೇಕು?

ನಮ್ಮ ದೇಶದಲ್ಲಿ ಪಗಾರ ಕೊಡುವವನು ಪಗಾರ ಮಾತ್ರ ಕೊಡುವುದಿಲ್ಲ, ಸರಕಾರದ ಪರವಾಗಿ ತೆರಿಗೆಯನ್ನೂ ಹಿಡಿದುಕೊಳ್ಳುತ್ತಾನೆ. ಇದಕ್ಕೇ ಮೂಲದಲ್ಲಿ ತೆರಿಗೆ ಕಡಿತ ಅಥವಾ ಟಿಡಿಎಸ್ ಎನ್ನುವುದು. ವರ್ಷಕ್ಕೆ ಇಷ್ಟು ಆದಾಯ ಬರಬಹುದು, ಇಷ್ಟು ತೆರಿಗೆ ಆಗಬಹುದು ಎಂದು ಅಂದಾಜು ಮಾಡಿ, ಪ್ರತಿ ತಿಂಗಳ ಪಗಾರದಲ್ಲಿ ಕಡಿದು, ಸರಕಾರದ ಖಾತೆಗೆ ಕಟ್ಟುತ್ತಾನೆ. ಮೂರು ತಿಂಗಳಿಗೊಮ್ಮೆ ಇಲಾಖೆಗೆ ಲೆಕ್ಕ ಒಪ್ಪಿಸುತ್ತಾನೆ. ಆ ಲೆಕ್ಕದ ಪಟ್ಟಿಯಲ್ಲಿ ಪ್ರತಿ ನೌಕರನ ಹೆಸರಿನ ಮುಂದೆ ಅವನ ಪ್ಯಾನ್ ಇರಬೇಕು. ಇಲ್ಲದಿದ್ದರೆ ಕಡಿದ ಹಣ ಯಾರ ಲೆಕ್ಕಕ್ಕೆ ಜಮಾ ಆಗಬೇಕು? ಗೋಳಗುಮ್ಮಟದ ಮೊಗಸಾಲೆಯಲ್ಲಿ ಈ ಗೋಡೆಗೆ ಪಿಸುಗುಟ್ಟಿದ್ದು ಆ ಗೋಡೆಗೆ ಕೇಳುವ ಹಾಗೆ, ಕಚೇರಿಯ ಪಟ್ಟಿಯಲ್ಲಿ ಬರೆದದ್ದು ಇಲಾಖೆಯ ಖಾತೆಯಲ್ಲಿ ಕಾಣಿಸುತ್ತದೆ. ಸರಿ ಬರೆದರೆ ಸರಿ, ತಪ್ಪು ಬರೆದರೆ ತಪ್ಪು.

ಆದ್ದರಿಂದ ಪ್ಯಾನ್ ಕೇಳುವುದು ಮಾಲೀಕನ ಮರ್ಜಿಯ ಮಾತಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 139ಎ ಕಲಮು, ತೆರಿಗೆ ಕಡಿತವಾಗುವ ಹಣ ಪಡೆಯುವವನು ತನ್ನ ಪ್ಯಾನ್ ತಿಳಿಸಬೇಕು ಎಂದಿತ್ತು. ಆ ಹಳೆಯ ಕಾಯ್ದೆಯ ಸ್ಥಾನಕ್ಕೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆ ಮಾಡಿದೆ. ಅದರ ಜಾರಿಯ ದಿನ 2026ರ ಏಪ್ರಿಲ್ 1. ಕಲಮುಗಳ ಸಂಖ್ಯೆ, ಫಾರಂಗಳ ಹೆಸರು ಬದಲಾದರೂ ವ್ಯವಹಾರದ ತಿರುಳು ಬದಲಾಗಿಲ್ಲ.

ಕೊಡದಿದ್ದರೆ ಏನಾಗುತ್ತದೆ? 2010ರ ಏಪ್ರಿಲ್ 1ರಿಂದ ಬಂದ ನಿಯಮದ ಪ್ರಕಾರ, ತೆರಿಗೆಗೆ ಒಳಪಡುವಷ್ಟು ಆದಾಯ ಇರುವವರು ಪ್ಯಾನ್ ಕೊಡದಿದ್ದರೆ ಕನಿಷ್ಠ ಶೇಕಡಾ 20ರಂತೆ ಕಡಿಯಬೇಕು. ಒಂದು ಲೆಕ್ಕ ಮಾಡಿ ನೋಡೋಣ. ಪಗಾರದಿಂದ ಎಲ್ಲ ಕಳೆದು ತೆರಿಗೆಗೆ ಒಳಪಡುವ ಆದಾಯ 15 ಲಕ್ಷ ರೂಪಾಯಿ ಇದೆ ಎನ್ನಿ. 2025-26ರ ಹೊಸ ಪದ್ಧತಿಯ ದರದಲ್ಲಿ ಮೊದಲ 4 ಲಕ್ಷಕ್ಕೆ ಏನೂ ಇಲ್ಲ, ನಂತರದ 4 ಲಕ್ಷಕ್ಕೆ ಶೇ. 5ರಂತೆ 20,000, ಮುಂದಿನ 4 ಲಕ್ಷಕ್ಕೆ ಶೇ. 10ರಂತೆ 40,000, ಉಳಿದ 3 ಲಕ್ಷಕ್ಕೆ ಶೇ. 15ರಂತೆ 45,000. ಒಟ್ಟು 1,05,000. ಅದರ ಮೇಲೆ ಶೇ. 4ರ ಸೆಸ್ ಸೇರಿ 1,09,200 ರೂಪಾಯಿ. ಇದೇ ನೌಕರ ಪ್ಯಾನ್ ಕೊಡದಿದ್ದರೆ ಶೇ. 20ರ ಲೆಕ್ಕದಲ್ಲಿ ಹೋಗುವುದು 3 ಲಕ್ಷ. ಅಂದರೆ 1,90,800 ರೂಪಾಯಿ ಹೆಚ್ಚು! ಅಷ್ಟೇ ಅಲ್ಲ, ಪ್ಯಾನ್ ಇಲ್ಲದೆ ಕಡಿದ ಹಣ ಯಾರ ಹೆಸರಿಗೂ ಜಮಾ ಆಗುವುದಿಲ್ಲ. ಜಮಾ ಆಗದ್ದನ್ನು ಮರಳಿ ಕೇಳುವುದು ಹೇಗೆ?

ಭವಿಷ್ಯ ನಿಧಿಯ ಮಾತೂ ಹೀಗೆಯೇ. ಐದು ವರ್ಷ ತುಂಬುವ ಮೊದಲು 50,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಹಣ ತೆಗೆದರೆ ಪ್ಯಾನ್ ಇದ್ದವರಿಗೆ ಶೇ. 10 ಕಡಿತ. ಇಲ್ಲದವರಿಗೆ ಶೇ. 20. ಅದೂ 2023ರ ಏಪ್ರಿಲ್‌ಗಿಂತ ಮೊದಲು ಶೇ. 30ನ್ನು ಮೀರಿತ್ತು. ಮೂರು ನಾಲ್ಕು ವರ್ಷ ಫ್ಯಾಕ್ಟರಿಯಲ್ಲಿ ದುಡಿದು ಊರಿಗೆ ಬಂದ ಬಡ ಹುಡುಗರಿಗೇ ಈ ಏಟು ಹೆಚ್ಚು ಬಿದ್ದದ್ದು.

ಒಂದೇ ಹೆಸರಿನ ಇಬ್ಬರು ಮಾಸ್ತರರು

ಈಗ ನನ್ನ ಕಥೆ. ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ನನ್ನದೇ ಹೆಸರಿನ, ನನ್ನದೇ ಅಡ್ಡಹೆಸರಿನ ಇನ್ನೊಬ್ಬ ಮಾಸ್ತರರಿದ್ದರು. ತಂದೆಯ ಹೆಸರು ಮಾತ್ರ ಬೇರೆ. ಮಕ್ಕಳಿಗೆ ತೊಂದರೆಯಿರಲಿಲ್ಲ, ನಾನು ವಿಜ್ಞಾನದ ಸರ್, ಅವರು ಡ್ರಿಲ್ ಸರ್. ಆದರೆ ಕಾಗದಕ್ಕೆ ಅದೇನು ಗೊತ್ತು? ಹಾಜರಿ ಪುಸ್ತಕದಲ್ಲಿ ಒಂದರ ಕೆಳಗೆ ಒಂದು ನಮ್ಮ ಹೆಸರು.

2012-13ನೇ ಸಾಲಿನಲ್ಲಿ ನನ್ನ ಪಗಾರದಿಂದ ಸುಮಾರು 14 ಸಾವಿರ ರೂಪಾಯಿ ತೆರಿಗೆ ಕಡಿದರು. ಡ್ರಿಲ್ ಸರ್ ಅವರಿಗೆ ಮನೆಯ ಸಾಲವಿತ್ತು, ತೆರಿಗೆ ಬೀಳಲಿಲ್ಲ. ನಾನು ರಿಟರ್ನ್ ಸಲ್ಲಿಸಿದೆ. ಕೆಲವು ತಿಂಗಳ ನಂತರ ಇಲಾಖೆಯಿಂದ ಪತ್ರ ಬಂತು: ನೀವು ಕಟ್ಟಿರುವುದಾಗಿ ಹೇಳಿದ ತೆರಿಗೆ ನಮ್ಮಲ್ಲಿ ಕಾಣುವುದಿಲ್ಲ, ಬಡ್ಡಿ ಸಮೇತ ಕಟ್ಟತಕ್ಕದ್ದು. ನನ್ನ ಕೈಕಾಲು ತಣ್ಣಗಾದವು. ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಾಮಾಣಿಕತೆ ಹೇಳಿಕೊಟ್ಟವನಿಗೆ ಸುಳ್ಳು ಲೆಕ್ಕದ ಪತ್ರ!

ಹುಡುಕಿದಾಗ ತಿಳಿಯಿತು. ಪಟ್ಟಿ ತಯಾರಿಸುವಾಗ ನನ್ನ ಹೆಸರಿನ ಮುಂದೆ ಡ್ರಿಲ್ ಸರ್ ಅವರ ಪ್ಯಾನ್ ಕೂತಿತ್ತು. ಐದನೆಯ ಅಕ್ಷರವೂ ಒಂದೇ, ನಾಲ್ಕನೆಯದೂ ಒಂದೇ. ತಾಳೆ ನೋಡುವ ಕೊನೆಯ ಅಕ್ಷರ ಸರಿಯಾಗಿಯೇ ತಾಳೆಯಾಯಿತು, ಯಾಕೆಂದರೆ ಅದು ತಪ್ಪು ಪ್ಯಾನ್ ಅಲ್ಲ, ಬೇರೆ ಮನುಷ್ಯನ ಸರಿಯಾದ ಪ್ಯಾನ್. ತಪ್ಪು ಅಂಕಿಯನ್ನು ಯಂತ್ರ ಹಿಡಿಯುತ್ತದೆ. ತಪ್ಪು ಮನುಷ್ಯನನ್ನು ಮನುಷ್ಯನೇ ಹಿಡಿಯಬೇಕು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಡ್ರಿಲ್ ಸರ್ ಅವರ ರಿಟರ್ನ್ ತುಂಬಿದ ಕಂಪ್ಯೂಟರ್ ಅಂಗಡಿಯವನು ಅವರ ಖಾತೆಯಲ್ಲಿ 14 ಸಾವಿರ ಜಮಾ ಇದ್ದದ್ದು ಕಂಡು ಮರುಪಾವತಿ ಕೇಳಿದ್ದ. ಹಣ ಬಂದೂ ಬಿಟ್ಟಿತ್ತು. ಅವರು ಅದನ್ನು ಮಗಳ ಫೀಗೆ ಖರ್ಚು ಮಾಡಿದ್ದರು. ಪಾಪ, ಅವರಿಗೇನು ಗೊತ್ತು? ಶಾಲೆಯವರು ತಿದ್ದುಪಡಿ ಪಟ್ಟಿ ಸಲ್ಲಿಸಲು ತಿಂಗಳುಗಳೇ ಹಿಡಿದವು. ತಿದ್ದುಪಡಿಯಾದ ಮೇಲೆ ನನ್ನ ಪತ್ರ ರದ್ದಾಯಿತು, ಅವರಿಗೆ ಪತ್ರ ಹೋಯಿತು, ಬಡ್ಡಿಯೊಂದಿಗೆ. ಆ ದಿನಗಳಲ್ಲಿ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ನಾನು ಬೇಕೆಂದೇ ತಕರಾರು ಎಬ್ಬಿಸಿದೆ ಎಂದು ಅವರಿಗೂ, ಅವರು ತಿಳಿದೂ ಹಣ ತಿಂದರು ಎಂದು ನನಗೂ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು. ಕೊನೆಗೆ ಒಂದು ಸಂಜೆ ಅವರೇ ಮನೆಗೆ ಬಂದು, "ಅಸಲು ನಾ ಕಟ್ಟತೀನಿ, ಆದ್ರ ಈ ಬಡ್ಡಿ ಯಾರ ಪಾಪ್ರಿ?" ಎಂದರು. ಬಡ್ಡಿಯನ್ನು ಇಬ್ಬರೂ ಅರ್ಧರ್ಧ ಕಟ್ಟಿದೆವು. ಸ್ನೇಹ ಉಳಿಯಿತು.

ಇದರಲ್ಲಿ ನನ್ನ ತಪ್ಪೂ ಇತ್ತು. ಪ್ಯಾನ್ ಕೊಟ್ಟಿದ್ದೆ, ಕೊಟ್ಟು ಮರೆತಿದ್ದೆ. ಕಡಿದ ತೆರಿಗೆ ನಮ್ಮ ಹೆಸರಿಗೆ ಜಮಾ ಆಗಿದೆಯೇ ಎಂದು ಇಲಾಖೆಯ ಜಾಲತಾಣದಲ್ಲಿ ಯಾರಾದರೂ ನೋಡಿಕೊಳ್ಳಬಹುದು. 26ಎಎಸ್ ಎಂದು ಹೆಸರಾದ ಪಟ್ಟಿ ಅದಕ್ಕೇ ಇದ್ದದ್ದು. 2021ರ ನವೆಂಬರ್‌ನಿಂದ ಇನ್ನೂ ವಿಸ್ತಾರವಾದ ವಾರ್ಷಿಕ ಮಾಹಿತಿ ಪತ್ರವೂ ಬಂದಿದೆ. ಮೊದಲ ಮೂರು ತಿಂಗಳಲ್ಲೇ ನೋಡಿದ್ದರೆ ಒಂದು ಚೀಟಿಯಲ್ಲಿ ಮುಗಿಯುವ ಕೆಲಸವಾಗಿತ್ತು ಅದು.

ಹೆಸರಿನ ಗೊಂದಲ

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಹೆಸರಿನ ಸಮಸ್ಯೆ ಬೇರೆ ಕಡೆಗಿಂತ ಸ್ವಲ್ಪ ಹೆಚ್ಚೇ. ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಮೂರು ಭಾಗ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಸಿದ್ದಪ್ಪನಿಗೆ ಒಂದು ಡಿ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ.

ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಬಬಲೇಶ್ವರದ ನನ್ನ ಒಬ್ಬ ವಿದ್ಯಾರ್ಥಿನಿ ಮದುವೆಯ ನಂತರ ಖಾಸಗಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದಳು. ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು, ಪ್ಯಾನ್‌ನಲ್ಲಿ ತವರಿನದು. ಎರಡೂ ಜೋಡಣೆಯಾಗಲಿಲ್ಲ. ಹೊಸ ಪ್ಯಾನ್ ಮಾಡಿಸುತ್ತೇನೆ ಎಂದು ಹೊರಟಿದ್ದಳು. ನಾನು ತಡೆದೆ. ಒಬ್ಬರಿಗೆ ಒಂದೇ ಪ್ಯಾನ್, ಎರಡು ಇಟ್ಟುಕೊಂಡರೆ 10,000 ರೂಪಾಯಿ ದಂಡಕ್ಕೆ ಗುರಿ. ಮಾಡಬೇಕಾದದ್ದು ಹೆಸರಿನ ತಿದ್ದುಪಡಿ ಮಾತ್ರ. ತಿದ್ದುಪಡಿಯಾದರೂ ಆ ಹತ್ತು ಅಕ್ಷರ ಬದಲಾಗುವುದಿಲ್ಲ. ಐದನೆಯ ಜಾಗದಲ್ಲಿ ತವರಿನ ಅಡ್ಡಹೆಸರಿನ ಅಕ್ಷರ ಹಾಗೇ ಉಳಿಯುತ್ತದೆ. "ಹಂಗಾರ ಅದೊಂದು ಅಕ್ಷರ ಅಪ್ಪಾರ ಹೆಸರಿಂದ ಇರ್ತೈತ್ರಿ" ಎಂದು ಆಕೆ ನಕ್ಕಳು.

ಪ್ಯಾನ್ ಮತ್ತು ಆಧಾರ್ ಜೋಡಣೆಯಾಗದ ಬಹಳಷ್ಟು ಜನರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾದವು. ನಿಷ್ಕ್ರಿಯ ಪ್ಯಾನ್ ಕೊಟ್ಟರೆ ಅದು ಕೊಡದ ಲೆಕ್ಕವೇ, ಮತ್ತೆ ಶೇ. 20ರ ಮಾತು. ಕೆಲಸಕ್ಕೆ ಸೇರುವ ಮೊದಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ಬಜಿಯ ಪೊಟ್ಟಣದಲ್ಲಿ ಆಧಾರ್

ಇನ್ನು ಭಯದ ಮಾತು. ಎರಡು ವರ್ಷದ ಹಿಂದೆ ಬಬಲೇಶ್ವರಕ್ಕೆ ಹೋಗಿದ್ದಾಗ ಬಸ್ಸಿಗೆ ಕಾಯುತ್ತ ಮಿರ್ಚಿ ಬಜಿ ಕಟ್ಟಿಸಿಕೊಂಡೆ. ತಿಂದು ಕಾಗದ ಒಗೆಯಲು ಹೋದರೆ ಅದರ ಮೇಲೆ ಒಬ್ಬ ತರುಣನ ಮುಖ! ಯಾವುದೋ ಕೆಲಸದ ಅರ್ಜಿಗೆ ಹಚ್ಚಿದ ಝೆರಾಕ್ಸ್ ಪ್ರತಿ. ಒಂದು ಬದಿಗೆ ಆಧಾರ್, ಅದರ ಕೆಳಗೆ ಪ್ಯಾನ್, ಸಹಿ, ಮೊಬೈಲ್ ನಂಬರು. ಎಣ್ಣೆಯಲ್ಲಿ ನೆನೆದಿದ್ದರೂ ಅಕ್ಷರಗಳೆಲ್ಲ ಸ್ಪಷ್ಟ. ಯಾರೋ ನಂಬಿ ಕೊಟ್ಟದ್ದು, ಯಾರೋ ರದ್ದಿಗೆ ಹಾಕಿದ್ದು. ಕಾಗದ ಹರಿದು ಚೂರು ಮಾಡಿ ಬಂದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುವುದು ಇದಕ್ಕೇ ಇರಬೇಕು.

ಪ್ಯಾನ್ ನಂಬರು ಒಂದನ್ನೇ ಹಿಡಿದು ಯಾರೂ ಬ್ಯಾಂಕಿನಿಂದ ಹಣ ತೆಗೆಯಲಾರರು. ತಿಕೋಟಾದ ರೈತರಿಗೆ ನಾನು ಮೊದಲು ಹೇಳಿದ ಸಮಾಧಾನ ಇದು. ಹಣ ಹೋಗುವುದು ಓಟಿಪಿ ಹೇಳಿದಾಗ, ಪಿನ್ ಹೇಳಿದಾಗ, ಅಥವಾ ಹೆಬ್ಬೆಟ್ಟಿನ ಗುರುತು ಕದ್ದಾಗ. 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಆಧಾರ್ ಮತ್ತು ಬೆರಳಿನ ಗುರುತು ಬಳಸಿ ಹಣ ತೆಗೆದ ದೂರುಗಳು ಬಂದಿದ್ದವು. ಅದಕ್ಕೇ ಆಧಾರ್‌ನ ಬೆರಳಿನ ಗುರುತಿಗೆ ಬೀಗ ಹಾಕುವ ಸೌಲಭ್ಯವಿದೆ, ಉಚಿತವಾಗಿ. ಬೇಕಾದಾಗ ತೆಗೆದು, ಮತ್ತೆ ಹಾಕಬಹುದು.

ಹಾಗೆಂದು ಪ್ಯಾನ್‌ನಿಂದ ಅಪಾಯವೇ ಇಲ್ಲವೆಂದಲ್ಲ. ಪ್ಯಾನ್, ಜನ್ಮ ದಿನಾಂಕ, ಫೋಟೊ ಒಂದೇ ಕಡೆ ಸಿಕ್ಕರೆ ಅದರ ಮೇಲೆ ಸಾಲ ಎತ್ತುವವರಿದ್ದಾರೆ. ಹಿಂದಿ ನಟ ರಾಜ್‌ಕುಮಾರ್ ರಾವ್ ಅವರೇ 2022ರಲ್ಲಿ, ತಮ್ಮ ಪ್ಯಾನ್ ಬಳಸಿ ಯಾರೋ 2,500 ರೂಪಾಯಿ ಸಾಲ ತೆಗೆದಿದ್ದಾರೆ, ಅದರಿಂದ ತಮ್ಮ ಸಾಲದ ಅಂಕ ಇಳಿದಿದೆ ಎಂದು ಬಹಿರಂಗವಾಗಿ ದೂರಿದ್ದರು. ನಟನ ಮಾತು ಪತ್ರಿಕೆಯಲ್ಲಿ ಬಂತು. ನಮ್ಮ ಹುಡುಗನಿಗೆ ಹೀಗಾದರೆ ಅದು ಗೊತ್ತಾಗುವುದೇ ಮುಂದೆಂದೋ ಅವನು ಮನೆ ಕಟ್ಟಲು ಸಾಲ ಕೇಳಿದಾಗ. ಆದ್ದರಿಂದ ವರ್ಷಕ್ಕೊಮ್ಮೆ ಸಾಲದ ವರದಿ ತರಿಸಿ ನೋಡಬೇಕು. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ವರ್ಷಕ್ಕೆ ಒಂದು ವರದಿ ಪುಕ್ಕಟೆ.

ಆಧಾರ್ ಎಲ್ಲಿ, ಪ್ಯಾನ್ ಎಲ್ಲಿ?

ಪಗಾರದ ತೆರಿಗೆಗೆ ಮುಖ್ಯವಾಗಿ ಬೇಕಾದದ್ದು ಪ್ಯಾನ್. ಆಧಾರ್ ಬೇಕಾಗುವುದು ಹೆಚ್ಚಾಗಿ ಭವಿಷ್ಯ ನಿಧಿಗೆ. 2021ರಿಂದ ಅಲ್ಲಿನ ಖಾತೆಗೆ ಆಧಾರ್ ಜೋಡಣೆ ಕಡ್ಡಾಯವಾಗಿದೆ. ಗುರುತಿನ ಪುರಾವೆಗೆ ಮಾತ್ರ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ, ಉಳಿದ ಎಂಟು ಮರೆಮಾಡಿದ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಅದನ್ನೇ ಕೊಟ್ಟು ನೋಡಿ. ಸಾಲದು ಎಂದರೆ ಯಾಕೆ ಎಂದು ಕೇಳಿ.

ಈ ವಿಷಯದಲ್ಲಿ ಕನ್ನಡ ನಾಡಿಗೆ ಒಂದು ವಿಶೇಷ ಸ್ಥಾನವಿದೆ. 2009ರಲ್ಲಿ ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷರಾಗಿ ಅದನ್ನು ಕಟ್ಟಿದವರು ಬೆಂಗಳೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಶಾಲೆ ಕಲಿತ ನಂದನ್ ನಿಲೇಕಣಿ. 2012ರಲ್ಲಿ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಪ್ರಕರಣದಲ್ಲಿಯೇ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಖಾಸಗಿತನ ಪ್ರತಿಯೊಬ್ಬ ನಾಗರಿಕನ ಮೂಲಭೂತ ಹಕ್ಕು ಎಂದು ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ತೆರಿಗೆಗಾಗಿ ಪ್ಯಾನ್ ಮತ್ತು ಆಧಾರ್ ಜೋಡಣೆಯನ್ನು ಎತ್ತಿಹಿಡಿದ ಕೋರ್ಟು, ಖಾಸಗಿ ಕಂಪನಿಗಳು ಒಪ್ಪಂದದ ಹೆಸರಿನಲ್ಲಿ ಆಧಾರ್ ದೃಢೀಕರಣ ಕೇಳಲು ಅವಕಾಶ ಕೊಟ್ಟಿದ್ದ ಭಾಗವನ್ನು ತಳ್ಳಿಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ತಮ್ಮ ಎಂಬತ್ತರ ಇಳಿವಯಸ್ಸಿನಲ್ಲಿ ಅವರು ಕೇಳಿದ ಪ್ರಶ್ನೆಯನ್ನೇ ತಿಕೋಟಾದ ರೈತರು ತಮ್ಮ ಮಾತಿನಲ್ಲಿ ಕೇಳಿದ್ದು: "ಯಾಕ ಬೇಕ್ರಿ?"

ಇಲ್ಲಿ ಸರಕಾರಕ್ಕೂ ಗೊಂದಲವಿತ್ತು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಝೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂದಕ್ಕೆ ಪಡೆಯಿತು, ಜನ ತಪ್ಪು ತಿಳಿಯಬಹುದು, ಎಂದಿನ ಎಚ್ಚರಿಕೆ ಸಾಕು ಎಂದಿತು. ಆ ಎಂದಿನ ಎಚ್ಚರಿಕೆ ಯಾವುದೆಂಬುದನ್ನು ನಾವೇ ತಿಳಿದುಕೊಳ್ಳಬೇಕು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು, ಹಂತ ಹಂತವಾಗಿ ಜಾರಿ. ಜನರ ವಿವರವನ್ನು ಸರಿಯಾಗಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದೆಂದು ಕಾಯ್ದೆ ಹೇಳುತ್ತದೆ. ಬಜಿಯ ಕಾಗದದವರೆಗೆ ಅದರ ಕಣ್ಣು ಎಂದು ಬಿದ್ದೀತೋ ನೋಡಬೇಕು.

ಕೊಡುವ ಮುನ್ನ, ಕೊಟ್ಟ ನಂತರ

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟು.

ಮೊದಲು, ಕೇಳುವವರು ನಿಜವಾದ ಮಾಲೀಕರೇ ಎಂದು ನೋಡು. ನೌಕರಿ ಕೊಡುತ್ತೇವೆ, ಪ್ಯಾನ್ ಆಧಾರ್ ವಾಟ್ಸ್‌ಆ್ಯಪ್ ಮಾಡಿ, ನೋಂದಣಿಗೆ ಎರಡು ಸಾವಿರ ಕಳಿಸಿ ಎನ್ನುವವರು ಮಾಲೀಕರಲ್ಲ. ತೆರಿಗೆ ಕಡಿಯುವ ಪ್ರತಿ ಸಂಸ್ಥೆಗೂ ಟ್ಯಾನ್ ಎಂಬ ಬೇರೆ ಹತ್ತರ ಗುರುತು ಇರುತ್ತದೆ: ನಾಲ್ಕು ಅಕ್ಷರ, ಐದು ಅಂಕಿ, ಒಂದು ಅಕ್ಷರ. ಅವರು ನಿನ್ನ ಪ್ಯಾನ್ ಕೇಳುವಂತೆ ನೀನು ಅವರ ಟ್ಯಾನ್ ಕೇಳಬಹುದು. ಅದು ಯಾರ ಹೆಸರಿನಲ್ಲಿದೆ ಎಂದು ಇಲಾಖೆಯ ಜಾಲತಾಣದಲ್ಲಿ ನೋಡಲೂಬಹುದು.

ಎರಡನೆಯದಾಗಿ, ನೇಮಕ ಪತ್ರ ಕೈಗೆ ಬಂದ ಮೇಲೆ, ಕಂಪನಿಯದೇ ಜಾಲತಾಣದಲ್ಲಿ ಇಲ್ಲವೇ ಕಂಪನಿಯ ಇ-ಮೇಲ್ ವಿಳಾಸಕ್ಕೆ ಕೊಡು. ಗೆಳೆಯರ ಗುಂಪಿಗೆ, ಏಜೆಂಟನ ಫೋನಿಗೆ ಬೇಡ. ಝೆರಾಕ್ಸ್ ಕೊಡುವುದಾದರೆ ಅದರ ಮೇಲೆ ಅಡ್ಡಲಾಗಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಸಹಿ ಮಾಡು. ಝೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಪ್ರತಿ ಬಿಟ್ಟು ಬರಬೇಡ. ಅಂಗಡಿಯವನ ಫೋನಿಗೆ ಕಳಿಸಿದ್ದರೆ ಅಳಿಸುವವರೆಗೆ ಅಲ್ಲೇ ನಿಲ್ಲು.

ಮೂರನೆಯದಾಗಿ, ಬಾಯಿಮಾತಿನಲ್ಲಿ ನಂಬರು ಹೇಳಬೇಡ. ಬಿ, ಡಿ, ಪಿ ಫೋನಿನಲ್ಲಿ ಒಂದೇ ಕೇಳುತ್ತವೆ. ಬರೆಯುವಾಗ ಸೊನ್ನೆಯೋ ಓ ಅಕ್ಷರವೋ ಎಂಬ ಸಂಶಯ ಬಂದರೆ ಜಾಗ ನೋಡು. ಮೊದಲ ಐದರಲ್ಲಿದ್ದರೆ ಅಕ್ಷರ, ನಂತರದ ನಾಲ್ಕರಲ್ಲಿದ್ದರೆ ಅಂಕಿ.

ನಾಲ್ಕನೆಯದಾಗಿ, ಬೇರೆಯವರ ಗುರುತನ್ನೂ ನಿನ್ನದರಂತೆಯೇ ಕಾಯಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಬಾಡಿಗೆಯ ರಿಯಾಯಿತಿ ಕೇಳುವವರು, ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮನೆಯ ಮಾಲೀಕರ ಪ್ಯಾನ್ ಕೊಡಬೇಕು. ಕೊಡದ ಬಾಡಿಗೆಗೆ ಯಾರದೋ ಪ್ಯಾನ್ ಬರೆದು ಸಿಕ್ಕಿಬಿದ್ದವರಿದ್ದಾರೆ. ಅಂಥವರ ತಪ್ಪಿನಿಂದ ಏನೂ ಅರಿಯದ ಯಾರೋ ಹಿರಿಯರ ಖಾತೆಯಲ್ಲಿ ಕಾಣದ ಬಾಡಿಗೆಯ ಆದಾಯ ಬಂದು ಕೂರುತ್ತದೆ.

ಕೊನೆಯದಾಗಿ, ಕೊಟ್ಟು ಮರೆಯಬೇಡ. ಮೂರು ತಿಂಗಳಿಗೊಮ್ಮೆ ಇಲಾಖೆಯ ಜಾಲತಾಣದಲ್ಲಿ ನಿನ್ನ ಹೆಸರಿಗೆ ಜಮಾ ಆದದ್ದನ್ನು ಪಗಾರದ ಚೀಟಿಯೊಂದಿಗೆ ತಾಳೆ ನೋಡು. ವರ್ಷ ಮುಗಿದ ಮೇಲೆ ಕಂಪನಿ ಕೊಡುವ ತೆರಿಗೆ ಕಡಿತದ ಪ್ರಮಾಣಪತ್ರವನ್ನು, ಹಳೆಯ ಕಾಯ್ದೆಯಲ್ಲಿ ಫಾರಂ 16 ಎಂದು ಹೆಸರಾದದ್ದನ್ನು, ಕೇಳಿ ಪಡೆ. ಕೆಲಸ ಬಿಟ್ಟರೂ ಅದು ನಿನ್ನ ಹಕ್ಕು. ವ್ಯತ್ಯಾಸ ಕಂಡರೆ ಅಂದೇ ಬರೆದು ತಿಳಿಸು, ಯಾಕೆಂದರೆ ತಪ್ಪನ್ನು ತಿದ್ದಬೇಕಾದವರು ಅವರು, ನೀನಲ್ಲ. ತಿದ್ದುಪಡಿಗೂ ಒಂದು ಕಾಲಮಿತಿ ಇರುತ್ತದೆ.

ಹುಡುಗ ಎಲ್ಲವನ್ನೂ ಬರೆದುಕೊಂಡ. ಇಷ್ಟು ಹೊತ್ತು ಸ್ಪೀಕರಿನಲ್ಲಿ ಕೇಳುತ್ತ ಕುಳಿತಿದ್ದ ಅವನ ತಂದೆ ಕೊನೆಗೆ ಒಂದು ಮಾತು ಹೇಳಿದರು. "ಅಂದ್ರ ಮಾಸ್ತರ್ರ, ನಾವು ಕೋಲ್ಡ್ ಸ್ಟೋರೇಜಿನಾಗ ಮಣೂಕಾ ಇಟ್ಟಂಗ ಆತು ನೋಡ್ರಿ. ಮಾಲು ಇಡಾಕ ಬೇಕು, ಇಡದಿದ್ರ ಕೆಡತೈತಿ. ಆದ್ರ ಬಾಕ್ಸ್ ಎಣಿಸಿ, ಚೀಟಿ ಇಸಗೊಂಡು, ಆಗಾಗ ಹೋಗಿ ನೋಡಕೋತ ಇರಬೇಕು. ಇಷ್ಟ ಹೌದಲ್ರಿ?"

ಅಷ್ಟೇ ಹೌದು. ಅರ್ಧ ತಾಸು ನಾನು ಹೇಳಿದ್ದನ್ನು ಅವರು ಅರ್ಧ ನಿಮಿಷದಲ್ಲಿ ಮುಗಿಸಿದ್ದರು. ಫೋನು ಇಟ್ಟ ಮೇಲೆ ನನ್ನ ಚಹಾ ಆರಿಹೋಗಿತ್ತು. ಎದ್ದು ಹೋಗಿ, ಈ ಮೂರು ತಿಂಗಳಲ್ಲಿ ನನ್ನ ಹೆಸರಿಗೆ ಏನು ಜಮಾ ಆಗಿದೆ ಎಂದು ತೆಗೆದು ನೋಡಿದೆ.